ಮೂರನೆಯ ಜಾಗದ ಹಳದಿ ಹೆಲ್ಮೆಟ್ಟು

ಗೌರಿ, ಪ್ರಜ್ವಲ್,

ಹೋದ ವಾರ ಶಾಲೆಯವರು ನಿಮ್ಮನ್ನು ಮ್ಯೂಸಿಯಂ ತೋರಿಸಲು ಕರೆದುಕೊಂಡು ಹೋಗಿದ್ದರಲ್ಲ, ಅಲ್ಲಿನ ತೋಟದಲ್ಲಿ ತೆಗೆದ ಫೋಟೋವನ್ನು ಮೊಬೈಲಿನಲ್ಲಿ ನನಗೆ ತೋರಿಸಿದಿರಿ. ಕಬ್ಬಿಣದ ಒಂದು ಮರ. ಅದರ ಕೊಂಬೆಗಳಿಗೆ ಒಡಕು ಕೊಡ, ತಗಡಿನ ಡಬ್ಬಿ, ತಳ ಕಿತ್ತ ಬಕೆಟ್ಟು ಜೋತುಬಿದ್ದಿವೆ. ಎಲ್ಲದರ ನಡುವೆ ಒಂದು ಹಳದಿ ಹೆಲ್ಮೆಟ್ಟು, ತಲೆಕೆಳಗಾಗಿ.

"ಅಜ್ಜಿ, ಝಾಡ ಮ್ಯಾಲೆ ಹೆಲ್ಮೆಟ್! ಯಾರದ್ ಇರ್ಬೇಕು?" ಎಂದು ಪ್ರಜ್ವಲ್ ನಕ್ಕ. ಗೌರಿ ಫೋಟೋ ದೊಡ್ಡದು ಮಾಡಿ ಕೆಳಗಿನ ಬೋರ್ಡು ಓದಿ, "ಶಹರ ಎಸೆದ ವಸ್ತುಗಳು ಅಂತ ಅದ" ಎಂದಳು.

ನಾನು ಮೊಬೈಲು ವಾಪಸ್ಸು ಕೊಟ್ಟು ಕುಕ್ಕರ್ ನೋಡಲು ಎದ್ದು ಹೋದೆ. ಕುಕ್ಕರ್ ಇನ್ನೂ ಒಂದು ಸೀಟಿಯನ್ನೂ ಹೊಡೆದಿರಲಿಲ್ಲ.

ಆ ಹೆಲ್ಮೆಟ್ಟು ನಿಮ್ಮ ಅಜ್ಜನದು. ಅದನ್ನು ಯಾರೂ ಎಸೆದಿರಲಿಲ್ಲ.

ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆದರೆ ಗಂಟಲು ಕಟ್ಟುತ್ತದೆ, ಸಣ್ಣವಳಿದ್ದಾಗಿನಿಂದ ಹಾಗೆಯೇ. ಆದರೆ ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ. ನಿಮಗೆ ಕನ್ನಡ ಓದಲು ಬರುವುದಿಲ್ಲ. ಅದು ನನ್ನ ತಪ್ಪಲ್ಲ. ಅಪ್ಪನಿಂದ ಓದಿಸಿಕೊಳ್ಳಿ, ಇಲ್ಲವೇ ಕಲಿಯಿರಿ. ಅಮ್ಮನಿಂದ ಮಾತ್ರ ಓದಿಸಬೇಡಿ. ನನ್ನ ಮಾತನ್ನು ಅವಳು ಇನ್ನೊಬ್ಬರಿಗೆ ಹೇಳುವಾಗ ಮುಳ್ಳು ಕಿತ್ತು ಹೇಳುತ್ತಾಳೆ. ಈ ಮಾತಿಗೆ ಮುಳ್ಳು ಇರಬೇಕು.

ನೀವು ಹುಟ್ಟುವುದಕ್ಕೆ ಮೊದಲು, ಈಗ ನಮ್ಮ ಬಿಲ್ಡಿಂಗ್ ನಿಂತಿರುವ ಮುಂಬಯಿಯ ಇದೇ ಚೆಂಬೂರಿನ ಮೂಲೆಯಲ್ಲಿ ಒಂದು ಗಲ್ಲಿ ಇತ್ತು. ಎರಡೂ ಕಡೆ ತಗಡು ಹೊದಿಸಿದ ಮನೆಗಳು. ರಿಫೈನರಿಯ ಕಡೆಯಿಂದ ಗಾಳಿ ಬೀಸಿದ ದಿನ ಅನ್ನಕ್ಕೂ ಎಣ್ಣೆಯ ವಾಸನೆ ಹತ್ತುತ್ತಿತ್ತು. ಇಡೀ ಗಲ್ಲಿಗೆ ಒಂದೇ ನಲ್ಲಿ. ನೀರು ಬೆಳಕು ಹರಿಯುವ ಮುಂಚೆ ಬಂದು, ಬೆಳಕು ಹರಿಯುವಷ್ಟರಲ್ಲಿ ಹೋಗಿಬಿಡುತ್ತಿತ್ತು. ಸಾಲಿನಲ್ಲಿ ಮುಂದಿದ್ದವರಿಗೆ ರಭಸದ ನೀರು, ನಡುವಿನವರಿಗೆ ನೂಲಿನಂಥ ನೀರು, ಕೊನೆಯವರಿಗೆ ಬರೀ ಗಾಳಿ. ಆ ಗಾಳಿ ನಲ್ಲಿಯಿಂದ ಸುಂಯ್ ಎಂದು ಬರುವ ಸದ್ದು ಕೇಳಿದರೆ ಈಗಲೂ ನಾನು ಕೊಡ ಹುಡುಕುತ್ತೇನೆ.

ನಲ್ಲಿಯ ಪಕ್ಕದ ಗೋಡೆಯ ಬುಡದಲ್ಲಿ ಹಗಲೂ ರಾತ್ರಿ ಒಂದು ಸಾಲು ಇರುತ್ತಿತ್ತು. ಮನುಷ್ಯರದಲ್ಲ, ಸಾಮಾನಿನದು. ಒಡಕು ಕೊಡ, ಬಣ್ಣದ ಖಾಲಿ ಡಬ್ಬಿ, ಹಿಡಿಕೆ ಮುರಿದ ಕ್ಯಾನು. ಒಂದು ಮನೆಗೆ ಒಂದು. ಅದಕ್ಕೆ ನಾವು ನಂಬರು ಎನ್ನುತ್ತಿದ್ದೆವು. ನಂಬರಿಗೆಂದು ಒಡಕು ಸಾಮಾನನ್ನೇ ಇಡುತ್ತಿದ್ದೆವು, ಯಾಕೆಂದರೆ ಗಟ್ಟಿ ಕೊಡ ಇಟ್ಟರೆ ಬೆಳಗಾಗುವುದರೊಳಗೆ ಅದಕ್ಕೆ ಕಾಲು ಬರುತ್ತಿತ್ತು. ಒಡಕಿಗೆ ಕಳ್ಳನಿಲ್ಲ. ನೀರು ಬಂದಾಗ ಮನೆಯವರು ಗಟ್ಟಿ ಕೊಡ ಹಿಡಿದು ಬಂದು ತಮ್ಮ ತಮ್ಮ ಒಡಕಿನ ಹತ್ತಿರ ನಿಲ್ಲಬೇಕು. ಇನ್ನೊಬ್ಬರ ನಂಬರನ್ನು ಸರಿಸುವಂತಿಲ್ಲ. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದರೂ ಜಾಗ ಜಾಗದಲ್ಲೇ ಇರುತ್ತಿತ್ತು. ಹೊಲಕ್ಕೆ ಬಾಂದುಕಲ್ಲು ಇದ್ದ ಹಾಗೆ.

ನಮ್ಮದು ಮೂರನೆಯ ಜಾಗ. ಗಲ್ಲಿಯಲ್ಲಿ ಮೊದಲು ತಗಡು ಹೊದಿಸಿದ ಮೂರು ಮನೆಗಳಲ್ಲಿ ನಮ್ಮದೂ ಒಂದು. ನಿಮ್ಮ ಅಜ್ಜ ವಿಜಯಪುರದ ಕಡೆಯಿಂದ ಬಂದು ದೊಡ್ಡ ಕಟ್ಟಡಗಳಿಗೆ ಬಿದಿರು ಕಟ್ಟುವ ಕೆಲಸ ಮಾಡುತ್ತಿದ್ದರು. ಒಂದು ಸಲ ಮೇಲಿನಿಂದ ನಟ್ಟು ತಿರುಗಿಸುವ ಪಾನಾ ಬಿದ್ದು ಹೆಲ್ಮೆಟ್ಟು ಬಿರುಕು ಬಿಟ್ಟಿತು. ಕಂಪನಿಯವರು ಬೇರೆಯದು ಕೊಟ್ಟರು. ಹಳೆಯದು ಮನೆಗೆ ಬಂತು, ನಾನು ಅದರಲ್ಲಿ ಉಳ್ಳಾಗಡ್ಡಿ ಹಾಕಿಟ್ಟೆ. ನಿಮ್ಮ ಅಜ್ಜ ತೀರಿಹೋದದ್ದು ಎತ್ತರದಿಂದ ಬಿದ್ದಲ್ಲ, ಎದೆಯ ಬೇನೆಯಿಂದ. ದಿನಕರ್ಮ ಮುಗಿಸಿ ನಾನು ಮೊದಲ ಸಲ ನೀರಿಗೆ ಹೋದಾಗ ನಮ್ಮ ಒಡಕು ಕೊಡ ಮೂರನೆಯ ಜಾಗದಲ್ಲಿರಲಿಲ್ಲ. ಸಾಲಿನ ಕೊನೆಗೆ, ಗಟಾರದ ಅಂಚಿಗೆ ಹೋಗಿತ್ತು. ಸರಿಸಿದವಳು ಎದುರು ಮನೆಯ ಕಾಶವ್ವ. ನಮ್ಮ ಕಡೆಯವಳೇ.

"ಇಬ್ಬರ ಮನಿಗೆ ಎಷ್ಟ್ ನೀರ ಬೇಕವಾ ಶಾಂತಕ್ಕ?" ಎಂದಳು. "ನಮ್ಮ ಮನ್ಯಾಗ ಏಳ ಮಂದಿ ಅದಾರ. ನಿನಗೇನ ಗಡಿಬಿಡಿ? ಡಬ್ಬಿ ಕಟ್ಟಿ ಕೆಲಸಕ್ಕ ಕಳಸೂ ಗಂಡಸ ಅದಾನೇನ ಈಗ?"

ಆ ದಿನ ಅರ್ಧ ಕೊಡ ತಂದೆ. ಮನೆಗೆ ಬಂದು ಹೆಲ್ಮೆಟ್ಟಿನ ಉಳ್ಳಾಗಡ್ಡಿಯನ್ನು ನೆಲಕ್ಕೆ ಸುರಿದೆ, ಒರೆಸಿದೆ, ಹೋಗಿ ಮೂರನೆಯ ಜಾಗದಲ್ಲಿ ಇಟ್ಟು ಬಂದೆ. ಯಾರೂ ಸರಿಸಲಿಲ್ಲ. ಸತ್ತವನ ತಲೆಯ ಮೇಲಿದ್ದುದನ್ನು ಮುಟ್ಟಲು ಕಾಶವ್ವನಿಗೂ ಅಂಜಿಕೆ. ಮರುದಿನವೂ ಅಲ್ಲೇ ಇತ್ತು. ನಿಮ್ಮ ಅಪ್ಪ ಸಂಗು ಶಾಲೆ ಮುಗಿಸಿ, ಕಾಲೇಜು ಮುಗಿಸಿ, ಅಂಧೇರಿಯಲ್ಲಿ ನೌಕರಿ ಹಿಡಿಯುವ ತನಕ ಅದು ಅಲ್ಲೇ ಇತ್ತು. ಬಿಸಿಲಿಗೆ ಹಳದಿ ಬಣ್ಣ ಬಿಳಿಚಿಕೊಂಡಿತು, ಅಷ್ಟೇ. ಈ ಮುಂಬಯಿಯಲ್ಲಿ ನಾನು ಮಾತಾಡದೆ ಗೆದ್ದದ್ದು ಅದೊಂದೇ ಜಾಗ.

ನಿಮ್ಮ ಅಮ್ಮ ವಿದ್ಯಾ ಅಂಧೇರಿಯ ಫ್ಲ್ಯಾಟಿನಲ್ಲಿ ಬೆಳೆದವಳು. ಅವಳ ತಂದೆ ತಾಯಿ ಧಾರವಾಡದವರು. ನಲ್ಲಿ ತಿರುಗಿಸಿದರೆ ನೀರು ಬರುವ ಮನೆ. ಮದುವೆಯಾಗಿ ಬಂದಾಗ ಇಂಗ್ಲಿಷ್ ಶಾಲೆಯಲ್ಲಿ ಟೀಚರಾಗಿದ್ದಳು, ಬೆಳಿಗ್ಗೆ ಬೇಗ ಬಸ್ಸು ಹಿಡಿಯಬೇಕಿತ್ತು. ಹೊಸ ಸೊಸೆಯನ್ನು ನೀರಿನ ಜಗಳಕ್ಕೆ ಕಳಿಸಬಾರದೆಂದು ನಾನೇ ಹೋಗುತ್ತಿದ್ದೆ. ಅವಳು ಏಳುವಷ್ಟರಲ್ಲಿ ಡ್ರಮ್ಮು ತುಂಬಿರುತ್ತಿತ್ತು. ಹೀಗಾಗಿ ಅವಳು ಆ ಸಾಲನ್ನು ಹಗಲಿನಲ್ಲಿ ಮಾತ್ರ ನೋಡಿದ್ದಳು. ಹಗಲಿನಲ್ಲಿ ಅದು ಗೋಡೆಯ ಬುಡದಲ್ಲಿ ಬಿದ್ದ ಒಡಕು ಸಾಮಾನು.

ಆ ವರ್ಷ ಬೇಸಿಗೆಯಲ್ಲಿ ಒಂದು ಮ್ಯೂಸಿಯಂನವರು ಟೀಚರುಗಳಿಗೆಂದು ಶನಿವಾರದ ತರಗತಿ ಶುರು ಮಾಡಿದರು. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಮ್ಯೂಸಿಯಂ ಅಂದರೆ ಒಳಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟದ್ದು ಅಷ್ಟೇ ಅಲ್ಲ, ಹೊರಗೆ ತೋಟದಲ್ಲಿ ಬಿಸಿಲು ಮಳೆಗೆ ನಿಂತ ಕಲೆಯೂ ಇದೆ, ಅದನ್ನು ತೋರಿಸಿ ಮಕ್ಕಳಿಗೆ ನೀರು, ಗಿಡ, ಕಸ, ಭೂಮಿ ಇವುಗಳ ಪಾಠ ಹೇಗೆ ಮಾಡಬೇಕು ಎಂದು ಟೀಚರುಗಳಿಗೆ ಕಲಿಸುವುದು. ವಿದ್ಯಾಳಿಗೆ ಅದರ ಹುಚ್ಚೇ ಹಿಡಿಯಿತು. ಶನಿವಾರ ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡುತ್ತಿದ್ದಳು.

"ಅತ್ತಿ, ಅಲ್ಲಿ ಗಾರ್ಡನ್‌ದಾಗ ಲೋಖಂಡದ್ದು ಒಂದ್ ಸ್ಟ್ಯಾಚ್ಯೂ ಅದ. ಮಳಿಗೆ ಜಂಗ್ ಹಿಡೀತದ. ಹಿಡೀಲಿ ಅಂತನ ಹಂಗ ಬಿಟ್ಟಾರ. ಜಂಗ್ ಸುದ್ದಾ ಆರ್ಟ್ ಅಂತ!"

"ನಮ್ಮ ತಗಡಿಗೂ ತುಕ್ಕು ಹಿಡದೈತಿ" ಎಂದೆ.

ಅವಳು ಕಿಲಕಿಲ ನಕ್ಕು, ಅದನ್ನು ತರಗತಿಯಲ್ಲಿ ಹೇಳುತ್ತೇನೆ ಎಂದಳು.

ಯಾವ ವಸ್ತು ಕಂಡರೂ ಮಕ್ಕಳಿಂದ ಮೂರು ಪ್ರಶ್ನೆ ಕೇಳಿಸಬೇಕಂತೆ. ಇದು ಯಾತರಿಂದ ಆಗಿದೆ? ಎಲ್ಲಿಂದ ಬಂತು? ಇನ್ನು ಮುಂದೆ ಎಲ್ಲಿಗೆ ಹೋಗುತ್ತದೆ? ವಿದ್ಯಾ ಅದನ್ನು ರೊಟ್ಟಿಯ ಮೇಲೆ, ಬುಟ್ಟಿಯ ಮೇಲೆ, ನನ್ನ ಹಳೆಯ ಸೀರೆಯ ಮೇಲೆ ಅಭ್ಯಾಸ ಮಾಡುತ್ತಿದ್ದಳು. ನಾನು ಅಕ್ಕಿ ತೊಳೆದ ನೀರನ್ನು ತುಳಸಿಗೆ ಹಾಕುವುದನ್ನು, ಹರಿದ ಸೀರೆಯನ್ನು ಒರೆಸುವ ಬಟ್ಟೆ ಮಾಡುವುದನ್ನು ಫೋಟೋ ತೆಗೆದಳು. ಒಂದು ಶನಿವಾರ ಹಿಗ್ಗಿನಿಂದ ಬಂದು, "ಎಲ್ಲಾರೂ ಕ್ಲ್ಯಾಪ್ ಮಾಡಿದ್ರು ಅತ್ತಿ! ನಿಮ್ಮ ಸಾಸೂಮಾ ಎಷ್ಟು ಸಸ್ಟೇನೆಬಲ್ ಅಂದ್ರು" ಎಂದಳು.

"ಹಂಗಂದ್ರೇನು?"

"ಅಂದ್ರ... ಕಮ್ಮಿದಾಗ ಬದುಕೂದು. ಭೂಮಿಗೆ ತ್ರಾಸ ಕೊಡಲಾರದಂಗ."

ನನ್ನ ಮೈ ಉರಿದುಹೋಯಿತು. ಭೂಮಿಗೆ ತ್ರಾಸವಾಗಬಾರದೆಂದು ನಾನು ಅಕ್ಕಿ ತೊಳೆದ ನೀರು ಎತ್ತಿಡುತ್ತಿರಲಿಲ್ಲ. ನೀರಿರಲಿಲ್ಲ, ಎತ್ತಿಡುತ್ತಿದ್ದೆ. ತುಂಬಿದ ಮನೆಯವರು ನಮ್ಮ ಇಲ್ಲದತನಕ್ಕೆ ಹೊಸ ಹೆಸರಿಟ್ಟು ಚಪ್ಪಾಳೆ ಹೊಡೆಯುತ್ತಾರೆ, ಆ ಚಪ್ಪಾಳೆಯನ್ನು ಸೊಸೆ ಪ್ರಸಾದದ ಹಾಗೆ ಮನೆಗೆ ತರುತ್ತಾಳೆ. ಹೇಳಬೇಕೆಂದುಕೊಂಡೆ. ಆ ದಿನ ಪಲ್ಯಕ್ಕೆ ಉಪ್ಪು ಹೆಚ್ಚು ಹಾಕಿದೆ.

ಆ ವರ್ಷ ನಗರಕ್ಕೆ ನೀರು ಕೊಡುವ ಕೆರೆಗಳು ತಳ ಕಂಡವು. ನೀರು ಕಡಿತ ಮಾಡಿದರು. ಆಮೇಲೆ ಊರಿನ ಮೇಲೆ ಮಳೆ ಜಡಿಯತೊಡಗಿತು, ಕೆರೆಗಳ ಮೇಲೆ ಬೀಳಲಿಲ್ಲ. ತಗಡಿನಿಂದ ಸುರಿಯುವ ನೀರು ಹಿಡಿದು ಬಟ್ಟೆ ಒಗೆಯುತ್ತಿದ್ದೆವು, ಸಂಡಾಸಿಗೆ ಒಯ್ಯುತ್ತಿದ್ದೆವು. ಆ ನೀರಿಗೆ ರಿಫೈನರಿಯ ಮಸಿ ಇರುತ್ತಿತ್ತು, ಕುಡಿಯಲು ಬಾರದು. ಕುಡಿಯುವುದಕ್ಕೆ ನಲ್ಲಿಯೇ ಗತಿ. ಗಲ್ಲಿಯಲ್ಲಿ ಮೊಣಕಾಲುದ್ದ ನೀರು ಹರಿಯುತ್ತಿರುವಾಗ ಬಾಯಾರಿ ನಿಲ್ಲುವುದು ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು.

ಅದೇ ಹೊತ್ತಿಗೆ ಮ್ಯೂಸಿಯಂನವರು ಟೀಚರುಗಳಿಗೆ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಶಾಲೆಯ ಮಕ್ಕಳೊಂದಿಗೆ ಸುತ್ತಮುತ್ತಲಿನ ಓಣಿಗಳಲ್ಲಿ ಎಸೆದ, ನೀರು ಹಿಡಿಯುವಂಥ ಸಾಮಾನು ಕೂಡಿಸಬೇಕು. ಒಬ್ಬ ಕಲಾವಿದ ಅದರಿಂದ ತೋಟದಲ್ಲಿ ಒಂದು ಮರ ಮಾಡುತ್ತಾನೆ. ಮಳೆ ಬಿದ್ದಾಗ ನೀರು ಒಂದರಿಂದ ಇನ್ನೊಂದಕ್ಕೆ ಇಳಿಯುತ್ತದೆ. ಮಕ್ಕಳು ಅದನ್ನು ನೋಡಿ ನೀರಿನ ಬೆಲೆ ಕಲಿಯುತ್ತಾರೆ.

ಆ ಶನಿವಾರ ಕಾಶವ್ವನ ಮಗಳ ಮದುವೆ, ಮಾಟುಂಗದಲ್ಲಿ. ನೂರು ಜಗಳವಿದ್ದರೂ ಮದುವೆ ಮದುವೆಯೇ. ಇಡೀ ಗಲ್ಲಿ ಸೀರೆಯುಟ್ಟು ಲೋಕಲ್ ರೈಲು ಹತ್ತಿತು. ವಿದ್ಯಾ ಮಾತ್ರ, ಶಾಲೆಯ ಕೆಲಸವಿದೆ, ಬರುವುದಿಲ್ಲ ಎಂದಳು. ಕಾಶವ್ವ ಅಕ್ಷತೆ ಹಂಚುತ್ತ ನನ್ನ ಹತ್ತಿರ ಬಂದು, "ಸೊಸಿ ಎಲ್ಲಿ? ನಮ್ಮ ಅಕ್ಕಿಕಾಳ ಆಕಿ ಕೈಗೆ ಭಾರ ಆದೂವೇನು?" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು. ನಾನು ಊಟದ ಎಲೆ ನೋಡುತ್ತ ಕೂತೆ.

ಸಂಜೆ ನೆನೆಯುತ್ತ ಗಲ್ಲಿಗೆ ಬಂದೆವು. ಗೋಡೆಯ ಬುಡ ನುಣ್ಣಗಿತ್ತು. ಒಂದೂ ನಂಬರಿಲ್ಲ. ಸಾಮಾನು ಎತ್ತಿದ ಕಡೆಯಲ್ಲೆಲ್ಲ ಪಾಚಿಯಿಲ್ಲದ ದುಂಡನೆಯ ಗುರುತುಗಳು. ನಮ್ಮದು ಉಳಿದವುಗಳಿಗಿಂತ ಉದ್ದನೆಯ ಗುರುತು. ಮನೆಯಲ್ಲೇ ಉಳಿದಿದ್ದ ಮುದುಕರನ್ನು ಕೇಳಿದರೆ, ಕೈಗವಸು ಹಾಕಿಕೊಂಡ ಶಾಲೆಯ ಮಕ್ಕಳು ಸೀಟಿ ಊದುತ್ತ ಬಂದು ಕಸ ಎತ್ತಿದರು, ಮುನ್ಸಿಪಾಲಿಟಿಯ ಸಫಾಯಿ ಇರಬೇಕು, ಒಳ್ಳೆಯದಾಯಿತು ಅಂದುಕೊಂಡೆವು ಎಂದರು.

ವಿದ್ಯಾ ನೆನೆದು ತೊಪ್ಪೆಯಾಗಿ ಬಂದಳು. ಮುಖ ಬೆಳಗುತ್ತಿತ್ತು.

"ಅತ್ತಿ, ನಮ್ಮದ ಬೆಸ್ಟ್ ಕಲೆಕ್ಷನ್! ಮ್ಯೂಸಿಯಂ ಮೇಡಂ ಫೋಟೋ ನೋಡಿ ಹುಚ್ಚ ಆದ್ರು."

"ಎಲ್ಲಿಂದ ತಂದಿ?"

"ಇಲ್ಲೇ, ನಲ್ಲಿ ಬಾಜೂಕ. ಎಷ್ಟ್ ಕಚರಾ ಬಿದ್ದಿತ್ತು ಅಲ್ಲಿ! ಒಂದು ಹಳದಿ ಹೆಲ್ಮೆಟ್ ಸುದ್ದಾ ಇತ್ತು."

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. "ಅದು ನಿಮ್ಮ ಮಾವನೋರದು" ಎಂದೆ. ಸಾಲು ಅಂದರೇನು, ನಂಬರು ಅಂದರೇನು ಎಂದು ಸಂಗು ಅವಳಿಗೆ ಹೇಳಿದ. ಅವಳ ಮುಖದ ಬೆಳಕು ಹೋಯಿತು. ಅದು ಹೋದದ್ದು ನೋಡಿ ನನಗೆ ಸಮಾಧಾನವಾಯಿತು ಎಂದೇ ಬರೆಯುತ್ತೇನೆ. ಎಲ್ಲಿಂದ ಬಂತು ಎಂದು ರೊಟ್ಟಿಯನ್ನು ಕೇಳಿದವಳು ಆ ಹೆಲ್ಮೆಟ್ಟನ್ನು ಒಂದು ಮಾತು ಕೇಳಿರಲಿಲ್ಲ. ಸಾಮಾನು ತುಂಬಿದ ಟೆಂಪೋ ಆಗಲೇ ಮ್ಯೂಸಿಯಂಗೆ ಹೊರಟುಹೋಗಿತ್ತು. ತಗಡಿನ ಗೋಡೆ ದಾಟಿ ಆ ಮಾತು ರಾತ್ರಿಯೇ ಗಲ್ಲಿಗೆಲ್ಲ ಹರಡಿತು.

ಮರುದಿನ ನಸುಕಿನಲ್ಲಿ ನೀರು ಬಂದಾಗ ಸಾಲಿರಲಿಲ್ಲ, ಜನರಿದ್ದರು. ಯಾರ ಧ್ವನಿ ದೊಡ್ಡದೋ ಅವರು ಮುಂದೆ. ನೆಂಟರಾದವರು, ನಿನ್ನೆ ಒಂದೇ ಪಂಕ್ತಿಯಲ್ಲಿ ಉಂಡವರು ಜುಟ್ಟು ಹಿಡಿದು ಎಳೆದಾಡಿದರು. ಕಾಶವ್ವ ಮೂರನೆಯ ಜಾಗದಲ್ಲಿ ಕಾಲೂರಿ ನಿಂತಿದ್ದಳು. ಅವಳ ಕೈಯಲ್ಲಿ ಮದುವೆಯ ಅರಿಷಿಣ ಇನ್ನೂ ಹೋಗಿರಲಿಲ್ಲ.

"ಕಾಶವ್ವ, ಅದು ನಮ್ಮ ಜಾಗ" ಎಂದೆ. ಅಷ್ಟು ಹೇಳಲು ನನಗೆ ಎಷ್ಟು ಹೊತ್ತು ಬೇಕಾಯಿತೋ.

"ಎಲ್ಲೈತಿ ನಿನ್ನ ನಂಬರ? ತೋರ್ಸ!" ಎಂದಳು. ಉಳಿದವರಿಗೆ ಕೂಗಿ ಹೇಳಿದಳು, "ನಮ್ಮ ನಂಬರೆಲ್ಲಾ ಕಸ ಅಂತ ಹೊತ್ತು ಹಾಕಿದಾಕಿ ಈಕಿ ಸೊಸಿ. ಶಾಣ್ಯಾ ಸೊಸಿ ತಂದಾಳ ಶಾಂತಕ್ಕ! ಊರಿಗೆಲ್ಲಾ ನೀರಿನ ಪಾಠ ಹೇಳ್ತಾಳಂತ!"

ಅಲ್ಲಿಗೆ ಮುಗಿಯಿತು. ಎಲ್ಲರ ಸಿಟ್ಟಿಗೂ ಒಂದು ಮನೆ ಸಿಕ್ಕಿತು. ನನ್ನನ್ನು ತಳ್ಳುತ್ತ ತಳ್ಳುತ್ತ ಗಟಾರದ ಅಂಚಿಗೆ ತಂದು ನಿಲ್ಲಿಸಿದರು. ಸುಂಯ್ ಎಂದು ಗಾಳಿ ಬಂತು. ವಿದ್ಯಾ ನೈಟಿಯ ಮೇಲೆ ಓಢಣಿ ಹೊದ್ದು ಓಡಿ ಬಂದು ಕೈ ಮುಗಿದಳು. "ಸಾರಿ ಮೌಶಿ, ನನಗ ಮಾಲೂಮ್ ಇರ್ಲಿಲ್ಲ. ಖರೇನ ಸಾರಿ."

"ಸಾರಿ ಕೊಡದಾಗ ತುಂಬತೈತೇನ?" ಎಂದಳು ಕಾಶವ್ವ. "ತುಂಬೂದಿದ್ರ ನನಗೂ ಎರಡ ಕೊಡ ಹಾಕು."

ಗಲ್ಲಿಯೆಲ್ಲ ನಕ್ಕಿತು. ಆ ಮಾತಿಗೆ ನನಗೂ ನಗು ಬಂದಿತ್ತು. ಅದಕ್ಕಾಗಿ ಕಾಶವ್ವನನ್ನು ಇನ್ನಷ್ಟು ದ್ವೇಷಿಸಿದೆ.

"ಅವ್ವಾ, ಹಳೀ ಹೆಲ್ಮೆಟ್ಟಿಗೆ ಯಾಕ ಇಷ್ಟ? ಬ್ಯಾರೆ ಡಬ್ಬಿ ಇಡು" ಎಂದ ಸಂಗು. ಇಟ್ಟೆ. ಕಾಶವ್ವ ಒದ್ದಳು. ಇನ್ನೊಂದು ಇಟ್ಟೆ. ಅದೂ ಗಟಾರಕ್ಕೆ ಹೋಯಿತು. ಉಳಿದವರೆಲ್ಲ ಹೊಸ ಒಡಕುಗಳನ್ನು ತಂದು ಹೊಸ ಸಾಲು ಕಟ್ಟಿಕೊಂಡರು, ನಮ್ಮನ್ನು ಕೊನೆಗಿಟ್ಟು. ಕುಡಿಯಲು ವಿದ್ಯಾ ಶಾಲೆಯಿಂದ ಬಾಟಲಿಗಳಲ್ಲಿ ನೀರು ಹೊತ್ತು ತರುತ್ತಿದ್ದಳು. ನಾನು ಆ ನೀರು ಕುಡಿದೆ, ಅವಳೊಡನೆ ಮಾತು ಬಿಟ್ಟೆ. ಮನೆಯಲ್ಲಿ ಏನಾದರೂ ಹೇಳುವುದಿದ್ದರೆ ಗೋಡೆಗೆ ಹೇಳುತ್ತಿದ್ದೆ.

ಅವಳು ಮ್ಯೂಸಿಯಂಗೆ ಎರಡು ಮೂರು ಸಲ ಫೋನು ಮಾಡಿದಳು. ಮರಕ್ಕೆ ಎಲ್ಲವನ್ನೂ ಜೋಡಿಸಿ ಆಗಿದೆ, ತೆಗೆಯಲು ಬರುವುದಿಲ್ಲ, ಉದ್ಘಾಟನೆಗೆ ಅತ್ತೆಯನ್ನು ಕರೆದುಕೊಂಡು ಬನ್ನಿ, ಅವರಿಗೆ ಖುಷಿಯಾಗುತ್ತದೆ ಎಂದರಂತೆ. ವಿದ್ಯಾ ನನ್ನ ಮುಂದೆ ಬಂದು ನಿಂತು, "ಅತ್ತಿ, ನೀವ ಬಂದು ಕೇಳ್ರಿ. ನನ್ನ ಮಾತು ಅಲ್ಲಿ ನಡೀವಲ್ದು" ಎಂದಳು.

ನಾನು ಗೋಡೆಗೆ, "ಬರ್ತೀನಿ" ಎಂದೆ.

ಬರಿಗೈಯಲ್ಲಿ ಹೋಗಿ ಕೇಳುವುದು ನನ್ನಿಂದಾಗದು. ನನ್ನ ಮದುವೆಯಲ್ಲಿ ಬಂದ ಸ್ಟೀಲಿನ ಕೊಡ ತೊಳೆದು, ತಟ್ಟೆ ಮುಚ್ಚಿ ತೆಗೆದುಕೊಂಡೆ. ಅದರ ಕಂಠದ ಮೇಲೆ ನಿಮ್ಮ ಅಜ್ಜನ ಹೆಸರು ಕೊರೆಸಿದ್ದರು. ಹೆಲ್ಮೆಟ್ಟಿನ ಜಾಗಕ್ಕೆ ಇದನ್ನು ತೂಗುಹಾಕಿಕೊಳ್ಳಿ, ಅದನ್ನು ನನಗೆ ಕೊಡಿ ಎನ್ನಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡೆ. ಲೋಕಲ್‌ನಲ್ಲಿ ಒಬ್ಬಳು, "ಆಜೀ, ಪಾನಿ ನಹೀ ಹೈ ಕ್ಯಾ ಘರ್ ಮೇಂ?" ಎಂದಳು, ಮನೆಯಲ್ಲಿ ನೀರಿಲ್ಲವೇ ಎಂದು ತಮಾಷೆಗೆ. ತಮಾಷೆ ಎಂದುಕೊಂಡಿದ್ದಳು ಪಾಪ.

ಮ್ಯೂಸಿಯಂನ ತೋಟ ಅಷ್ಟು ಹಸಿರಾಗಿತ್ತು. ನೀರು ಕಡಿತ ಅಲ್ಲಿಗೆ ಹೋದ ಹಾಗೆ ಕಾಣಲಿಲ್ಲ. ಮಳೆ ಧೋ ಎಂದು ಸುರಿಯುತ್ತಿತ್ತು. ಟೀಚರುಗಳು ಬಣ್ಣಬಣ್ಣದ ಛತ್ರಿ ಹಿಡಿದು ನಿಂತಿದ್ದರು. ನಡುವೆ ಆ ಮರ. ನಮ್ಮ ಗಲ್ಲಿಯ ಒಂದೊಂದು ಮನೆಯೂ ಅದರಲ್ಲಿ ನೇತಾಡುತ್ತಿತ್ತು. ಮೇಲಿನ ಕ್ಯಾನಿನಿಂದ ಕೊಡಕ್ಕೆ, ಕೊಡದಿಂದ ಹೆಲ್ಮೆಟ್ಟಿಗೆ, ಹೆಲ್ಮೆಟ್ಟಿನ ಬಿರುಕಿನಿಂದ ಕೆಳಗಿನ ಡಬ್ಬಿಗೆ ನೀರು ಧಾರಧಾರವಾಗಿ ಇಳಿಯುತ್ತಿತ್ತು. ನಮ್ಮ ಒಡಕುಗಳು ಅಷ್ಟು ನೀರನ್ನು ಜನ್ಮದಲ್ಲಿ ಕಂಡಿರಲಿಲ್ಲ. ಬುಡದಲ್ಲಿ ಬೋರ್ಡು. ವಿದ್ಯಾ ಅದನ್ನು ನನಗೆ ಓದಿ ಹೇಳಲಿಲ್ಲ. ನಾನೇ ಇನ್ನೊಬ್ಬರಿಂದ ಕೇಳಿ ತಿಳಿದೆ. ಶಹರ ಎಸೆದ ವಸ್ತುಗಳು.

ಮ್ಯೂಸಿಯಂ ಮೇಡಂ ಒಳ್ಳೆಯ ಕೈಮಗ್ಗದ ಸೀರೆಯುಟ್ಟವಳು, ನನ್ನ ಎರಡೂ ಕೈ ಹಿಡಿದುಕೊಂಡಳು. "ಆಜೀ, ಆಪ್ ಹೀ ಹೈ ನಾ! ಕುಛ್ ಬೋಲಿಯೇ ಹಮಾರೇ ಟೀಚರ್ಸ್ ಕೋ." ಟೀಚರುಗಳಿಗೆ ನಾನು ಏನಾದರೂ ಹೇಳಬೇಕಂತೆ. ಎಲ್ಲ ಛತ್ರಿಗಳೂ ನನ್ನ ಕಡೆ ತಿರುಗಿದವು.

ನಾನು ವಿದ್ಯಾಳ ಕಡೆ ನೋಡಿ ಕನ್ನಡದಲ್ಲಿ ಹೇಳಿದೆ, "ಇದು ಕಸ ಅಲ್ಲ. ಇದು ನನ್ನ ಜಾಗ. ಇದನ್ನ ಹೊತ್ತು ತಂದಾಗಿಂದ ನಮ್ಮ ಮನ್ಯಾಗ ಕುಡಿಯಾಕ ನೀರಿಲ್ಲ. ಇಳಿಸಿ ಕೊಡ್ರಿ ಅಂತ ಹೇಳು."

ವಿದ್ಯಾ ಮೇಡಂ ಕಡೆ ತಿರುಗಿದಳು. ಆಮೇಲೆ ಹಿಂದಿಯಲ್ಲಿ, ಈ ವಸ್ತುಗಳ ಜೊತೆ ನಮ್ಮ ಅತ್ತೆಯವರ ಜೀವನ ಹೆಣೆದುಕೊಂಡಿದೆ, ನೀರಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತು, ಸಾಧ್ಯವಿದ್ದರೆ ಹೆಲ್ಮೆಟ್ಟನ್ನು ನೆನಪಿಗಾಗಿ ಇಟ್ಟುಕೊಳ್ಳಬಯಸುತ್ತಾರೆ ಎಂದಳು. ಛತ್ರಿಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಮುಂಬಯಿಗೆ ಬಂದು ಎಷ್ಟು ವರ್ಷವಾಯಿತೆಂದು ಅವಳು ಮರೆತಿದ್ದಳು. ನನಗೆ ಮಾತಾಡಲು ಬಾರದು, ಕಿವಿ ಕೇಳುತ್ತದೆ.

ಮೇಡಂ ನನ್ನ ಭುಜ ಸವರಿ, ಹೆಲ್ಮೆಟ್ಟು ಮರದ ಹೃದಯವಿದ್ದ ಹಾಗೆ, ಎಲ್ಲ ನೀರೂ ಅದರ ಮೂಲಕವೇ ಹೋಗಬೇಕು, ತೆಗೆದರೆ ಮರ ಸತ್ತ ಹಾಗೆ, ಬೇಕಿದ್ದರೆ ಹೊಸ ಹೆಲ್ಮೆಟ್ಟು ಕೊಡಿಸುತ್ತೇವೆ ಎಂದಳು. ನಾನು ಕೊಡ ಮುಂದೆ ಮಾಡಿ ಹೆಲ್ಮೆಟ್ಟಿನ ಜಾಗ ತೋರಿಸಿದೆ. ಅವಳು ಕೊಡವನ್ನು ತಿರುಗಿಸಿ ನೋಡಿದಳು, ಬೆರಳಿನಿಂದ ಟಣ್ ಎಂದು ಬಾರಿಸಿದಳು.

"ಲೇಕಿನ್ ಆಜೀ, ಯೇ ತೋ ಟೂಟಾ ನಹೀ ಹೈ" ಎಂದಳು. ಒಡೆದಿಲ್ಲವಂತೆ. ಒಡೆದದ್ದೇ ಬೇಕಂತೆ.

ಆಗ ನನ್ನ ಬಾಯಿಂದ ಹಿಂದಿ ಹೊರಟಿತು. "ಮೈನೇ ಫೇಂಕಾ ನಹೀ" ಎಂದೆ. ನಾನು ಎಸೆದಿಲ್ಲ. ಮಳೆಯ ಸದ್ದಿನಲ್ಲಿ ಹತ್ತಿರ ನಿಂತಿದ್ದ ಒಬ್ಬ ಟೀಚರಮ್ಮನಿಗೆ ಮಾತ್ರ ಕೇಳಿಸಿರಬೇಕು. ಆಕೆ ಬೇರೆ ಕಡೆ ನೋಡಿದಳು.

ಇನ್ನು ಮಾತು ಉಳಿದಿರಲಿಲ್ಲ. ಮೇಡಂ ಕೈಯಿಂದ ಕೊಡ ಕಿತ್ತುಕೊಂಡೆ. ಹೋಗಿ ಮರದ ಕೆಳಗೆ ನಿಂತು ಹೆಲ್ಮೆಟ್ಟಿನ ಬಿರುಕಿಗೆ ಹಿಡಿದೆ. ನೀರು ನಿಮ್ಮ ಅಜ್ಜನ ಹೆಲ್ಮೆಟ್ಟಿನಿಂದ ನಿಮ್ಮ ಅಜ್ಜನ ಕೊಡಕ್ಕೆ ಬೀಳತೊಡಗಿತು. ತುಂಬಲು ಬಹಳ ಹೊತ್ತು ಹಿಡಿಯಿತು. ಕೆಳಗಿನ ಡಬ್ಬಿಗಳಿಗೆ ನೀರು ನಿಂತುಹೋಯಿತು. ಮೊದಲು ಯಾರೋ ಫೋಟೋ ತೆಗೆದರು, ಆಮೇಲೆ ಅದನ್ನೂ ನಿಲ್ಲಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಂಠದವರೆಗೆ ತುಂಬಿದ ಮೇಲೆ ತಟ್ಟೆ ಮುಚ್ಚಿ ಟೊಂಕದ ಮೇಲಿಟ್ಟುಕೊಂಡು ಗೇಟಿನ ಕಡೆ ನಡೆದೆ.

ಕಾವಲುಗಾರ ಅಡ್ಡ ಬಂದ. ಒಳಗಿನ ಸಾಮಾನು ಹೊರಗೆ ಬಿಡುವಂತಿಲ್ಲ ಎಂದ. ಹಿಂದಿನಿಂದ ವಿದ್ಯಾಳ ಧ್ವನಿ ಬಂತು, ಈ ಸಲ ಮೆತ್ತಗಿರಲಿಲ್ಲ. "ನಮ್ಮ ಮನೀ ಕೊಡ ಅದು. ಹಟೋ ಬಾಜೂ!" ಅರ್ಧ ಕನ್ನಡ, ಅರ್ಧ ಹಿಂದಿ. ಅವನಿಗೆ ಎರಡೂ ತಿಳಿಯಿತು.

ಲೋಕಲ್‌ನಲ್ಲಿ ತುಂಬಿದ ಕೊಡ ಹಿಡಿದು ನಿಲ್ಲುವುದು ಸುಲಭವಲ್ಲ. ಕುರ್ಲಾ ದಾಟುವ ಹೊತ್ತಿಗೆ ಕೊಡ ಟೊಂಕದಿಂದ ಜಾರತೊಡಗಿತು. ವಿದ್ಯಾ ಕೊಡದ ಕೆಳಗೆ ಕೈ ಕೊಟ್ಟಳು. ನಾನು ಅವಳ ಕೈ ಸರಿಸಲಿಲ್ಲ.

ಮರುದಿನ ನಸುಕಿನಲ್ಲಿ ಎಲ್ಲರಿಗಿಂತ ಮುಂಚೆ ಹೋಗಿ, ಕಾಶವ್ವನ ಮುರುಕು ಬಕೆಟ್ಟಿನ ಮುಂದೆ, ಹೆಲ್ಮೆಟ್ಟಿನ ಉದ್ದನೆಯ ಗುರುತಿನ ಮೇಲೆ ಆ ಕೊಡ ಇಟ್ಟೆ. ಗಲ್ಲಿಯಲ್ಲಿ ನೂರು ಅನ್ಯಾಯ ನಡೆಯುತ್ತಿತ್ತು, ಆದರೆ ಒಂದನ್ನು ಯಾರೂ ಮಾಡಿದವರಿಲ್ಲ. ಇನ್ನೊಬ್ಬರ ತುಂಬಿದ ಕೊಡಕ್ಕೆ ಕಾಲು ತಾಗಿಸುವುದು, ಕುಡಿಯುವ ನೀರು ಚೆಲ್ಲುವುದು. ಅದೂ ಆ ವರ್ಷದಲ್ಲಿ. ತಟ್ಟೆ ಮುಚ್ಚಿದ್ದ ಕೊಡದಲ್ಲಿದ್ದುದು ಕುಡಿಯುವ ನೀರೆಂದೇ ಎಲ್ಲರೂ ತಿಳಿದರು.

ಕಾಶವ್ವ ಬಂದಳು. ಕಾಲೆತ್ತಿದಳು. ತಟ್ಟೆ ಕಂಡಿತು, ಕೊಡದ ಅಂಚಿನಲ್ಲಿ ನಿಂತ ನೀರಿನ ಹನಿ ಕಂಡಿತು. ಕಾಲು ಇಳಿಸಿದಳು.

"ತುಂಬಿದ ಕೊಡ ತಂದು ನಲ್ಲಿಗೆ ಇಡ್ತೀಯಲ್ಲ, ನಿನಗೇನ ತಲಿ ಕೆಟ್ಟೈತೇನ ಶಾಂತಕ್ಕ?" ಎಂದಳು.

ನಾನು ಕೊಡದ ಪಕ್ಕ ನಿಂತೆ. ಅವಳು ಅದರ ಮೇಲಿನ ಹೆಸರು ನೋಡಿದಳು, ಓದಲು ಅವಳಿಗೂ ಬರುತ್ತಿತ್ತು. ಗೊಣಗುತ್ತ ತನ್ನ ಬಕೆಟ್ಟನ್ನು ಕಾಲಿನಿಂದ ಹಿಂದಕ್ಕೆ ತಳ್ಳಿಕೊಂಡು ಹೋದಳು. ನೀರು ಬಂತು. ಮೂರನೆಯ ಜಾಗದ ನೀರು, ರಭಸದ ನೀರು. ಮಗ್ಗುಲಲ್ಲಿ ಯಾರೋ ಖಾಲಿ ಕೊಡ ಹಿಡಿದು ನಿಂತ ಹಾಗಾಯಿತು. ತಿರುಗಿದರೆ ವಿದ್ಯಾ. ಅಂದಿನಿಂದ ಗಲ್ಲಿ ಇರುವ ತನಕ ನೀರಿಗೆ ಅವಳೇ ಹೋದಳು, ಆ ಕೊಡ ತುಂಬಿಯೇ ಅಲ್ಲಿರುವ ಹಾಗೆ ನೋಡಿಕೊಂಡಳು. ಅದನ್ನು ಕದಿಯಲೂ ಯಾರಿಗೂ ಧೈರ್ಯವಾಗಲಿಲ್ಲ. ಕಾಶವ್ವನ ಜೊತೆ ಜಗಳವಾಡುವುದನ್ನೂ ಕಲಿತಳು. ನನಗಿಂತ ಚೆನ್ನಾಗಿ ಆಡುತ್ತಿದ್ದಳು.

ಇದನ್ನು ಬರೆದೆನೆಂದು ನಾನು ಎಲ್ಲವನ್ನೂ ನುಂಗಿಕೊಂಡೆ ಎಂದುಕೊಳ್ಳಬೇಡಿ. ನಿಮ್ಮ ಅಮ್ಮನ ಮೇಲಿನ ಸಿಟ್ಟು ಕಡಿಮೆಯಾಗಿದೆ, ಹೋಗಿಲ್ಲ. ಆ ಮೇಡಂ ಮೇಲಿನದು ಕಡಿಮೆಯೂ ಆಗಿಲ್ಲ. ಬೋರ್ಡು ಇನ್ನೂ ಹಾಗೆಯೇ ಇದೆಯೆಂದು ನಿಮ್ಮ ಫೋಟೋ ನೋಡಿ ತಿಳಿಯಿತು. ಈಗ ಗಲ್ಲಿಯೂ ಇಲ್ಲ, ಗೋಡೆಯೂ ಇಲ್ಲ, ಕಾಶವ್ವ ಇದೇ ಬಿಲ್ಡಿಂಗ್‌ನಲ್ಲಿ ನಮ್ಮ ಮೇಲಿನ ಮಜಲಿನಲ್ಲಿದ್ದಾಳೆ. ಅಡುಗೆಮನೆಯಲ್ಲಿ ತಿರುಗಿಸಿದರೆ ನೀರು ಬರುತ್ತದೆ. ನೀವು ಹಲ್ಲುಜ್ಜುವಾಗ ನಲ್ಲಿ ಬಿಟ್ಟೇ ನಿಲ್ಲುತ್ತೀರಿ. ನಾನು ಹಿಂದಿನಿಂದ ಬಂದು ನಿಲ್ಲಿಸುತ್ತೇನೆ, ಅಜ್ಜಿಯದು ಇದೊಂದು ಕಾಟ ಎಂದು ಬೈದುಕೊಳ್ಳುತ್ತೀರಿ. ಬೈದುಕೊಳ್ಳಿ.

ಇನ್ನೊಮ್ಮೆ ಶಾಲೆಯವರು ಅಲ್ಲಿಗೆ ಕರೆದೊಯ್ದರೆ ಆ ಹೆಲ್ಮೆಟ್ಟಿನ ಕೆಳಗೆ ನಿಂತು, ಇದು ನಮ್ಮ ಅಜ್ಜ ಬಸಪ್ಪನದು, ಎಸೆದದ್ದಲ್ಲ ಎಂದು ಜೋರಾಗಿ ಹೇಳಿ. ನಿಮಗೆ ನನ್ನ ಗಂಟಲು ಬಂದಿಲ್ಲ.

ಈ ಹಾಳೆಗಳನ್ನು ಆ ಸ್ಟೀಲಿನ ಕೊಡದಲ್ಲಿ ಹಾಕಿ, ತಟ್ಟೆ ಮುಚ್ಚಿ ಜೋಪಾನವಾಗಿಡಿ. ಯಾವ ಟೀಚರು ಯಾವ ಪ್ರಾಜೆಕ್ಟಿಗೆಂದು ಕೇಳಿದರೂ ಕೊಡಬೇಡಿ. ಹಳೆಯ ಕಾಗದ ಎಂದು ಇದನ್ನೂ ಮರಕ್ಕೆ ತೂಗುಹಾಕಿಯಾರು.